ಸೈರನ್‌ಗೆ ಏಳದ ಹುಡುಗಿ

ಪಿಯುಸಿ ಓದುವಾಗ ಸಂಡೂರಿನಿಂದ ಹೊಸಪೇಟೆಗೆ ಹೋಗುವ ಬೆಳಗಿನ ಕೆಂಪು ಬಸ್ಸಿನಲ್ಲಿ ಕಥೆ ಹೇಳುತ್ತಿದ್ದವಳು ಮೊದಲು ನಾನೇ. ಇದನ್ನು ಮೊದಲಿಗೇ ಹೇಳಿಬಿಡಬೇಕು. ಯಾಕೆಂದರೆ ಆಮೇಲೆ ಯಾರೂ ಅದನ್ನು ನೆನಪಿಟ್ಟುಕೊಳ್ಳಲಿಲ್ಲ.

ನಮ್ಮ ಮನೆ ಸಂಡೂರಿನ ಗುಡ್ಡದ ಮೇಲಿನ ಒಂದು ಗಣಿ ಟೌನ್‌ಶಿಪ್‌ನಲ್ಲಿತ್ತು. ಅಪ್ಪನಿಗೆ ಗಣಿಯ ಆಫೀಸಿನಲ್ಲಿ ಕೆಲಸ. ಹತ್ತನೆಯ ತನಕ ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಹುಟ್ಟುಹಬ್ಬಕ್ಕೆ ಅಪ್ಪ ಬಟ್ಟೆಯ ಜೊತೆ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು ತರಿಸಿಕೊಡುತ್ತಿದ್ದರು. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಲೋಕ: ಹಾಳಾಗಿಹೋದ ಮುಂದಿನ ಕಾಲ, ಉಸಿರಾಡುವುದಕ್ಕೂ ಕಾಯಿದೆ ಮಾಡಿದ ಸರ್ಕಾರ, ಅದಕ್ಕೆ ಎದುರು ನಿಂತ ಹದಿನಾರರ ಹುಡುಗಿ. ನಾನು ಅವನ್ನು ಓದಿ, ಬಸ್ಸಿನಲ್ಲಿ ಗೆಳತಿಯರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಘಟ್ಟದ ದಾರಿಯಲ್ಲಿ ಅದಿರು ಲಾರಿಗಳು ಸಾಲುಗಟ್ಟಿ ನಿಂತರೆ ನಮ್ಮ ಬಸ್ಸೂ ನಿಲ್ಲುತ್ತಿತ್ತು. ಆಗ ನನ್ನ ಸುತ್ತ ಒಂದು ಸಣ್ಣ ಸಭೆಯೇ ಕೂಡುತ್ತಿತ್ತು. ಆ ಸುಖ ಅನುಭವಿಸಿದವರಿಗೇ ಗೊತ್ತು.

ನನ್ನ ಪಕ್ಕ ಕೂರುತ್ತಿದ್ದವಳು ಬಂಡ್ರಿಯಿಂದ ಬಂದು ಸಂಡೂರಿನಲ್ಲಿ ಬಸ್ಸು ಬದಲಿಸುತ್ತಿದ್ದ ಗೆಳತಿ. ಅವರಪ್ಪನದು ಮೆಕ್ಕೆಜೋಳದ ಹೊಲ. ಅವಳು ಓದಿದ್ದೆಲ್ಲ ಊರಿನ ಸರ್ಕಾರಿ ಶಾಲೆಯಲ್ಲಿ. ಕಥೆ ಕೇಳುವಾಗ ಅವಳು ಬೇರೆಯವರ ಹಾಗೆ ಬೆರಗಾಗುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದಳು.

"ಅಲ್ಲಾ, ಅಕಿ ಅಷ್ಟು ದಿನ ಕಾಡಾಗ ಓಡಾಡ್ತಾಳಲ್ಲ, ಮುಟ್ಟಾದ್ರ ಏನ್ ಮಾಡ್ತಾಳ?"

"ಅದನ್ನ ಬರದಿಲ್ಲ" ಎಂದೆ.

"ಹಂಗಾರ ಬರದವರಿಗೆ ಆ ಹುಡುಗಿ ಸರಿಯಾಗಿ ಗೊತ್ತಿಲ್ಲ ಬಿಡು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಎಲ್ಲೋ ಚುರುಕ್ ಎಂದಿತ್ತು.

ಒಂದು ಭಾನುವಾರ ಅವಳನ್ನು ಮನೆಗೆ ಊಟಕ್ಕೆ ಕರೆದೆ. ಗೇಟಿನಲ್ಲಿ ವಾಚ್‌ಮನ್ ಯಾರ ಮನೆಗೆ, ಯಾಕೆ ಎಂದು ಕೇಳಿ ಒಳಗೆ ಬಿಟ್ಟನಂತೆ. ಅನ್ನಕ್ಕೆ ಕೈ ಹಾಕಿದ್ದಾಗ ಶಿಫ್ಟಿನ ಸೈರನ್ ಹೊಡೆಯಿತು. ಅವಳ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು.

"ಯಾರಿಗರ ಏನರ ಆತೇನ್ರಿ?"

ಅಮ್ಮ ನಕ್ಕು, "ಏನಿಲ್ಲವಾ, ಶಿಫ್ಟ್ ಬಿಡ್ತು. ಉಣ್ಣು" ಎಂದಳು.

ಸಂಜೆ ಟೌನ್‌ಶಿಪ್ ತೋರಿಸಿದೆ. ಈ ಸಾಲು ಎ ಟೈಪ್ ಕ್ವಾರ್ಟರ್ಸ್, ಅದು ಬಿ ಟೈಪ್, ಗುಡ್ಡದ ನೆತ್ತಿಯಲ್ಲಿರುವವು ಆಫೀಸರ್ ಬಂಗಲೆ. ಅವಳು ಸುಮ್ಮನೆ ನೋಡುತ್ತಾ ಬಂದು, "ಈ ಎ ಟೈಪಿನ ಹುಡುಗಿ ಮ್ಯಾಲಿನ ಬಂಗಲೆಕ ಆಡಾಕ ಹೋಗ್ತಾಳೇನು?" ಎಂದಳು.

"ಹೋಗ್ತಾರ. ಯಾಕ ಹೋಗಬಾರ್ದು?" ಎಂದೆ. ಹುಟ್ಟಿದಾಗಿನಿಂದ ಅಲ್ಲೇ ಇದ್ದ ನಾನು ಒಮ್ಮೆಯೂ ಹೋಗಿರಲಿಲ್ಲ ಎಂಬುದು ಅವಳು ಹೋದ ಮೇಲೆ ಹೊಳೆಯಿತು.

ಆ ವಾರವೇ ಘಟ್ಟದಲ್ಲಿ ಬಸ್ಸು ನಿಂತಿತು. ನಾನು ಹೊಸ ಕಾದಂಬರಿಯೊಂದನ್ನು ಶುರುಮಾಡುವವಳಿದ್ದೆ. ಅಷ್ಟರಲ್ಲಿ ಅವಳು, "ಇವತ್ತು ನಾ ಒಂದ್ ಹೇಳ್ತೀನಿ ತಡಿ" ಎಂದಳು.

"ಒಂದೂರೈತಿ. ಆ ಊರಾಗ ಗಡಿಯಾರ ಇಲ್ಲ, ಸೈರನ್ ಐತಿ. ಒಂದು ಸೈರನ್ನಿಗಿ ಏಳಬೇಕು, ಇನ್ನೊಂದಕ್ಕ ಉಣಬೇಕು, ಮತ್ತೊಂದಕ್ಕ ಮಕ್ಕೊಬೇಕು. ನಗಾಕೂ ಒಂದು ಐತಿ. ಊರ ನೆತ್ತಿ ಮ್ಯಾಲ ಗುಡ್ಡ ಐತಿ. ಅದನ್ನ ದಿನಾ ತೋಡಿ ತೋಡಿ ಲಾರಿಗೆ ತುಂಬ್ತಾರ. ಆದ್ರ ಗುಡ್ಡ ಮೊದಲಿನಷ್ಟ ಎತ್ತರ ಐತಿ ಅಂತ ಎಲ್ಲಾರೂ ಅನ್ನಬೇಕು. ಸಣ್ಣದಾಗೈತಿ ಅಂದವ್ರನ್ನ ಕೆಳಗಿನ ಮನಿಗಿ ಕಳಸ್ತಾರ. ಅಲ್ಲಿ ಹದಿನಾರು ವರ್ಷದಾಕಿ ಒಬ್ಬಾಕಿ ಅದಾಳ. ಒಂದಿನ ಮುಂಜಾನಿ ಸೈರನ್ ಆತು. ಅಕಿ ಕಣ್ಣು ತೆರದಾಳ, ಎಚ್ಚರ ಐತಿ, ಆದ್ರ ಏಳವಲ್ಲಳು."

ಅಷ್ಟಕ್ಕೆ ನಿಲ್ಲಿಸಿ ನೀರು ಕುಡಿದಳು. ಹೊಸಪೇಟೆ ಮಾರ್ಕೆಟ್ಟಿಗೆ ಕಾಯಿಪಲ್ಯ ಒಯ್ಯುವ ಒಬ್ಬ ಅಮ್ಮ ಹಿಂದಿನ ಸೀಟಿನಿಂದ ಬಗ್ಗಿ, "ಅವ್ವ ಬೈಲಿಲ್ಲೇನು ಅಕಿಗಿ?" ಎಂದಳು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ಕಂಬ ಹಿಡಿದು ನಿಂತಿದ್ದ.

ನನ್ನ ಹೊಟ್ಟೆಯಲ್ಲಿ ಎಂಥದೋ ಬೆಂಕಿ ಬಿದ್ದ ಹಾಗಾಯಿತು. ಆ ಸೈರನ್ ನನ್ನದು. ಆ ಗುಡ್ಡ ನನ್ನ ಕಿಟಕಿಯಲ್ಲಿ ಕಾಣುವಂಥದ್ದು. ಹದಿನೇಳು ವರ್ಷ ಅದರ ಕೂಗಿಗೆ ಎದ್ದು, ಅದರ ಕೆಂಪು ಧೂಳನ್ನು ಪುಸ್ತಕದ ಮೇಲಿನಿಂದ ಒರೆಸಿ, ಓದಿದ್ದು ಮಾತ್ರ ಯಾವುದೋ ದೇಶದ ಹುಡುಗಿಯರ ಕಥೆ. ಇವಳು ಒಂದು ಭಾನುವಾರ ಬಂದು ಅನ್ನ ಸಾರು ಉಂಡು ಇಡೀ ಊರನ್ನೇ ಎತ್ತಿಕೊಂಡು ಹೋಗಿದ್ದಳು.

ಮರುದಿನದಿಂದ ಎಲ್ಲರಿಗೂ ಅವಳ ಕಥೆಯೇ ಬೇಕು. ನಾನು ನಡುನಡುವೆ ತಿದ್ದಲು ನೋಡಿದೆ. "ಸೈರನ್ ಶಿಫ್ಟಿಗಷ್ಟ ಹೊಡಿತಾರ, ಮಕ್ಕೊಳ್ಳಾಕ ಅಲ್ಲ."

"ಏ, ಸುಮ್ಕಿರಲೇ!" ಎಂದು ಮುಂದಿನ ಸೀಟಿನವಳು ನನ್ನ ಕಡೆ ತಿರುಗದೆಯೇ ಹೇಳಿದಳು.

ನಾನೂ ಸ್ವಂತ ಕಥೆಯೊಂದನ್ನು ಕಟ್ಟಿದೆ. ಸಮುದ್ರದೊಳಗಿನ ನಗರ, ಗಾಜಿನ ಗೋಡೆ, ಬಂಡಾಯದ ರಾಜಕುಮಾರಿ. ಗೆಳತಿಯರು ಕೇಳಿದರು, ಪಾಪ, ಸಭ್ಯರಾಗಿ ಕೇಳಿದರು. ಒಬ್ಬಳು ಕದ್ದು ಮೊಬೈಲ್ ನೋಡಿದಳು. ನಾನು ಸಮುದ್ರವನ್ನೇ ನೋಡಿರಲಿಲ್ಲ. ಮನಸ್ಸಿಟ್ಟು ಕೇಳಿದವಳೆಂದರೆ ಆ ಬಂಡ್ರಿಯ ಗೆಳತಿ ಒಬ್ಬಳೇ. ಅದು ನನ್ನನ್ನು ಇನ್ನಷ್ಟು ಉರಿಸಿತು.

ಕಾಲೇಜಿನಿಂದ ಹಂಪಿಗೆ ಕರೆದೊಯ್ದಾಗ ಕನ್ನಡದ ಮೇಡಂ ಕೂಡ ಬಂದಿದ್ದರು. ನನ್ನ ಪ್ರಬಂಧಗಳನ್ನು ತರಗತಿಯಲ್ಲಿ ಓದಿ ಹೇಳುತ್ತಿದ್ದ ಮೇಡಂ. ಹೇಮಕೂಟದ ಬಂಡೆಯ ಮೇಲೆ ಬುತ್ತಿ ಬಿಚ್ಚಿದಾಗ ಹುಡುಗಿಯರು ಹಟ ಹಿಡಿದು ಅವಳಿಂದ ಕಥೆ ಹೇಳಿಸಿದರು. ಆ ದಿನ ಕಥೆಯ ಹುಡುಗಿ ಗುಡ್ಡದ ಮೇಲೆ ಮಲಗಿ, ತನ್ನನ್ನೂ ತೋಡಿ ಲಾರಿಗೆ ತುಂಬಿ ಎಂದು ಯಂತ್ರಗಳನ್ನು ತಡೆದು ನಿಲ್ಲಿಸಿದ್ದಳು. ಮೇಡಂ ಕೈಯಲ್ಲಿನ ರೊಟ್ಟಿ ಹಾಗೇ ಉಳಿಯಿತು. ವಾಪಸ್ಸು ಬರುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಗೆಳತಿ ಬರೀಬೇಕು ನೋಡವಾ. ನೀನು ಹೇಳು ಆಕೆಗೆ" ಎಂದರು. ಹೇಳುತ್ತೇನೆ ಎಂದೆ. ವಾರಗಟ್ಟಲೆ ಹೇಳಲಿಲ್ಲ.

ಎರಡನೆಯ ವರ್ಷದ ಪರೀಕ್ಷೆ ಹತ್ತಿರ ಬಂದಾಗ ಅವಳು ಬಸ್ಸಿಗೆ ಬರುವುದು ನಿಂತಿತು. ಅವಳ ಅಕ್ಕನನ್ನು ಕಂಪ್ಲಿಗೆ ಕೊಟ್ಟಿದ್ದರು. ಅಕ್ಕನಿಗೆ ಎರಡನೆಯ ಹೆರಿಗೆ, ಬಾಣಂತನ ಗಂಡನ ಮನೆಯಲ್ಲೇ. ಕೈಯಾಸರೆಗೆಂದು ಇವಳನ್ನು ಕಳಿಸಿದ್ದರು. ಹದಿನೈದು ದಿನ ಅಂದದ್ದು ತಿಂಗಳು ದಾಟಿತು.

ಬಸ್ಸಿನಲ್ಲಿ ಕಥೆ ಅರ್ಧಕ್ಕೇ ನಿಂತಿತ್ತು. ಒಂದು ಬೆಳಿಗ್ಗೆ ಕಾಯಿಪಲ್ಯದ ಅಮ್ಮ, "ನೀನ ಹೇಳವಾ ಮುಂದಿಂದು. ನಿಮ್ಮೂರಿನ ಕಥಿ ಅಲ್ಲೇನು?" ಎಂದಳು.

ಇದಕ್ಕೇ ಕಾಯುತ್ತಿದ್ದೆನೇನೋ ಎಂಬಂತೆ ಶುರುಮಾಡಿದೆ. ಕ್ವಾರ್ಟರ್ಸ್ ಹೇಗಿರುತ್ತವೆ, ಧೂಳು ಯಾವ ಋತುವಿನಲ್ಲಿ ಯಾವ ಕಡೆಯಿಂದ ಬರುತ್ತದೆ, ಎಲ್ಲವನ್ನೂ ಅವಳಿಗಿಂತ ಚೆನ್ನಾಗಿ ಹೇಳಿದೆ. ಎಲ್ಲರೂ ಕಿವಿಗೊಟ್ಟರು. ಎರಡು ದಿನ ನಾನು ಗಾಳಿಯಲ್ಲಿ ತೇಲಿದೆ. ಮೂರನೆಯ ದಿನ ಆ ಹುಡುಗಿಯನ್ನು ಹಿಡಿದು ಸಾಹೇಬರ ಎದುರು ನಿಲ್ಲಿಸಿದರು ಎಂಬಲ್ಲಿಗೆ ಬಂದೆ. ಅಲ್ಲಿ ನನಗೆ ದಾರಿಯೇ ಕಾಣಲಿಲ್ಲ. ಅವಳಪ್ಪನ ಕೆಲಸ ಹೋಗುತ್ತದಲ್ಲ, ಮನೆ ಖಾಲಿ ಮಾಡಬೇಕಲ್ಲ, ಅಮ್ಮ ಅಳುತ್ತಾಳಲ್ಲ ಎಂದೇ ತಲೆಯಲ್ಲಿ ಓಡುತ್ತಿತ್ತು. ಕೊನೆಗೆ, "ಅಕಿ ತಪ್ಪಾತು ಅಂತ ಮಾಫಿ ಕೇಳಿದ್ಲು. ಅವ್ರು ಬಿಟ್ಟುಬಿಟ್ರು" ಎಂದೆ.

ಕಾಯಿಪಲ್ಯದ ಅಮ್ಮ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, "ಆ ಹುಡುಗಿ ಮಾಫಿ ಕೇಳಂಗಿಲ್ಲ ಬಿಡವಾ" ಎಂದಳು. ಕಂಡಕ್ಟರ್ ತಲೆಯಾಡಿಸಿದ. ಎದುರಿಗಿಲ್ಲದ ಗೆಳತಿಯ ಮೇಲೆ ನನಗೆ ಎಂದೂ ಬಾರದಷ್ಟು ಹೊಟ್ಟೆಕಿಚ್ಚು ಬಂತು. ತಾನು ಕಂಪ್ಲಿಯಲ್ಲಿದ್ದರೂ ಆ ಹುಡುಗಿಯನ್ನು ನನ್ನ ಕೈಗೆ ಸಿಗಗೊಡಲಿಲ್ಲ ಎನಿಸಿತು.

ಮುಂದೇನಾಗುತ್ತದೆ ಎಂದು ಅವಳನ್ನೇ ಕೇಳಿಬಿಡೋಣ ಎಂದು ಭಾನುವಾರ ಕಂಪ್ಲಿಯ ಬಸ್ಸು ಹತ್ತಿದೆ. ಮನೆ ಒಂದು ರೈಸ್ ಮಿಲ್ಲಿನ ಹಿಂದಿತ್ತು. ಅಂಗಳದಲ್ಲೆಲ್ಲ ಭತ್ತದ ಹೊಟ್ಟು ಹಾರಿ ಬಿದ್ದಿತ್ತು. ಅವಳು ಕೂಸಿನ ಬಟ್ಟೆ ಒಗೆಯುತ್ತಾ ಕೂತಿದ್ದಳು. ನನ್ನನ್ನು ಕಂಡು ಒದ್ದೆ ಕೈಯಲ್ಲೇ ತಬ್ಬಿಕೊಂಡಳು. ಕಥೆಯ ವಿಷಯ ಕೇಳಿದೆ.

"ನನಗೂ ಗೊತ್ತಿಲ್ಲ ನೋಡಲೇ. ಇಲ್ಲಿ ಬಂದಮ್ಯಾಲ ಅಕಿ ನೆನಪಾಗವಲ್ಲಳು. ನೀ ಏನ್ ಹೇಳಿದಿ?"

"ಮಾಫಿ ಕೇಳಿದ್ಲು ಅಂತ."

ಅವಳು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಅದು ನಗುವಿನ ನೀರೇ ಎಂಬುದು ನನಗೆ ಅನುಮಾನವಾಯಿತು. ಸೆರಗಿನಂತೆ ಹೊದ್ದಿದ್ದ ದುಪಟ್ಟಾದಲ್ಲಿ ಮುಖ ಒರೆಸಿಕೊಂಡು ಕೇಳಿದಳು. "ಪರೀಕ್ಷಿ ಯಾವಾಗ?"

"ಮುಂದಿನ ವಾರ."

ಎದ್ದು ಉಳಿದ ಬಟ್ಟೆಗಳನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. ಒಳಗೆ ಹೋಗಿ ಕೈಚೀಲ ತಂದಳು. ಅಕ್ಕನ ಅತ್ತೆ ಪಡಸಾಲೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕೆಟ್ಟವರೇನಲ್ಲ, ನನಗೆ ಆಗಲೇ ಚಹಾ ಕೊಡಿಸಿದ್ದರು.

"ಅತ್ತಿ, ನನಗ ಪರೀಕ್ಷಿ ಐತ್ರಿ. ನಾ ಹೊಂಟೆ."

"ಹೆಣ್ಣ್‌ಹುಡುಗಿ ಒಂದ್ ವರ್ಷ ಬಿಟ್ರ ಏನಾಗ್ತತಿ? ಬಾಣಂತಿನ ಯಾರು ನೋಡ್ಬೇಕು?"

"ನಿಮ್ಮ ಮಗ ನೋಡ್ಲಿ ಬಿಡ್ರಿ. ಬಟ್ಟಿ ಒಗದು ಹಾಕೀನಿ. ನೀರು ಕಾಯಾಕಿಟ್ಟೀನಿ. ಪರೀಕ್ಷಿ ಮುಗಿಸಿ ಬರ್ತೀನ್ರಿ."

ದನಿ ಏರಲಿಲ್ಲ, ಒಂದು 'ರಿ' ಕೂಡ ತಪ್ಪಲಿಲ್ಲ. ಅಲ್ಲೇ ನಿಂತು ಅಪ್ಪನಿಗೆ ಫೋನ್ ಹಚ್ಚಿದಳು. "ಅಪ್ಪಾ, ನಾ ಬಸ್ ಹತ್ತಾಕತ್ತೀನಿ. ಬೈಯೋದಿದ್ರ ಊರಿಗೆ ಬಂದಮ್ಯಾಲ ಬೈ." ಒಳಗಿನ ಕೋಣೆಯಿಂದ ಅಕ್ಕನ ದನಿ ಬಂತು. "ಹೋಗ್ಲಿ ಬಿಡ್ರಿ ಅತ್ತಿ, ನಾ ಏಳ್ತೀನಿ."

ಹೊಸಪೇಟೆಯ ಬಸ್ಸಿನಲ್ಲಿ ಅವಳು ಕೂತ ತಕ್ಷಣ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಅವಳ ಕೈಯಿಂದ ಇನ್ನೂ ಸೋಪಿನ ವಾಸನೆ ಬರುತ್ತಿತ್ತು. ಕಿಟಕಿಯಾಚೆ ಭತ್ತದ ಗದ್ದೆಗಳು ಓಡುತ್ತಿದ್ದವು. ಕಥೆ ಹೇಳುವುದು ಅವಳಿಗೆ ಬರುತ್ತದೆ, ನನಗೂ ಕಲಿತರೆ ಬಂದೀತು ಎಂದು ಅಲ್ಲಿಯವರೆಗೆ ನನ್ನನ್ನು ಸಮಾಧಾನ ಮಾಡಿಕೊಂಡಿದ್ದೆ. ಆ ಪಡಸಾಲೆಯಲ್ಲಿ ಅವಳು ನಿಂತ ರೀತಿಯನ್ನು ಯಾರಿಂದ ಕಲಿಯುವುದು? ಬಸ್ಸು ಹೊಸಪೇಟೆ ಮುಟ್ಟುವವರೆಗೂ ನನಗೆ ಅದೊಂದೇ ಸಂಕಟ. ಇಳಿದ ಮೇಲೆ ಮೇಡಂ ಹೇಳಿದ್ದನ್ನು ಕೊನೆಗೂ ಅವಳಿಗೆ ಹೇಳಿದೆ. "ಹೌದಾ? ಖರೇನಾ?" ಎಂದು ರಸ್ತೆಯ ಮಧ್ಯೆಯೇ ನಿಂತುಬಿಟ್ಟಳು.

ಪರೀಕ್ಷೆ ಪಾಸಾದಳು. ಮನೆಯಲ್ಲಿ ಬೈದರು, ಕೆಲವು ದಿನ ಮಾತು ಬಿಟ್ಟರು, ಆಮೇಲೆ ಡಿಗ್ರಿಗೂ ಕಳಿಸಿದರು. ಈಗ ಅವಳು ಶಾಲೆಯಲ್ಲಿ ಟೀಚರ್, ನಾನು ಹೊಸಪೇಟೆಯಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದೇನೆ. ಹೋದ ವರ್ಷ ಅವಳ ಕಾದಂಬರಿ ಪುಸ್ತಕವಾಗಿ ಬಂತು. ಬಿಡುಗಡೆಯ ದಿನ ಯಾರೋ, ಈ ಊರನ್ನು ಹೇಗೆ ಕಲ್ಪಿಸಿಕೊಂಡಿರಿ ಎಂದು ಕೇಳಿದರು. ಅವಳು ನನ್ನ ಕಡೆ ಕೈ ತೋರಿಸಿ, "ಊರು ನನ್ನ ಗೆಳತೀದು" ಎಂದಳು. ಸಭೆಯೆಲ್ಲ ತಿರುಗಿ ನೋಡಿ ಚಪ್ಪಾಳೆ ತಟ್ಟಿತು. ನಾನು ನಕ್ಕೆ. ಊರು ಕೊಟ್ಟವಳಿಗೆ ಸಿಗುವುದು ಆ ಒಂದು ಚಪ್ಪಾಳೆ ಎಂದು ಒಳಗೇ ಲೆಕ್ಕ ಹಾಕಿಕೊಂಡೆ.

ಈಗ ಇನ್ನೊಂದು ಬರೆಯುತ್ತಿದ್ದಾಳೆ. ಅಧ್ಯಾಯ ಮುಗಿದಂತೆಲ್ಲ ಓದಿ, ವಾಯ್ಸ್ ಮೆಸೇಜ್ ಮಾಡಿ ಮೊದಲು ನನಗೇ ಕಳಿಸುತ್ತಾಳೆ. ಬ್ಯಾಂಕಿಗೆ ಹೋಗುವ ದಾರಿಯಲ್ಲಿ ಕೇಳುತ್ತೇನೆ. ಒಂದೊಂದು ಮಾತು ಬಂದಾಗ, ಇದು ನನಗ್ಯಾಕೆ ಹೊಳೆಯಲಿಲ್ಲ ಎಂದು ಗಾಡಿ ನಿಲ್ಲಿಸಿ ಮತ್ತೆ ಕೇಳಿದ್ದೂ ಉಂಟು. ಕೇಳಿದ ಕೂಡಲೇ ಉತ್ತರ ಹಾಕುವುದಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ತನಕ ಹೊಟ್ಟೆಯೊಳಗಿನ ಕಿಚ್ಚು ತಣ್ಣಗಾಗಲಿ ಎಂದು ಬಿಡುತ್ತೇನೆ. ಅದು ಪೂರ್ತಿ ತಣ್ಣಗಾಗುವುದಿಲ್ಲ. "ಭಾಳ ಚಲೋ ಐತಿ" ಎಂದು ಕಳಿಸಿ, ರೊಟ್ಟಿ ಮುರಿಯುತ್ತೇನೆ.