ನೀಲಮ ಕೊಂಡ ಟಚ್ ಫೋನು

ಶೇಡಬಾಳದ ನೀಲಮ ಗಂಡ ತೀರಿಕೊಂಡ ಮೇಲೆ ಕುವೈತಿಗೆ ಹೋಗಿದ್ದಳು. ಮೊದಲು ಮಿರಜಿನ ದವಾಖಾನೆಯೊಂದರಲ್ಲಿ ಆಯಾ ಆಗಿದ್ದವಳು. ಕುವೈತಿನಲ್ಲಿ ಒಂದು ದೊಡ್ಡ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಊರಲ್ಲಿ ಅವ್ವ ಶೇವಂತಾ, ತಮ್ಮ ಸಂಗ್ರಾಮ. ಪಗಾರದ ಬಹುಪಾಲು ತಮ್ಮನ ಖಾತೆಗೆ ಹೋಗುತ್ತಿತ್ತು. ನೀಲಮಳ ಕೈಯಲ್ಲಿ ಇದ್ದದ್ದು ಅಕ್ಷರ ಅಳಿಸಿಹೋದ ಗುಂಡಿಯ ಫೋನು.

ಅದರಲ್ಲಿ ಅವ್ವನ ಜೊತೆ ಮಾತಾಡುವುದು ನಿಂತೇಹೋಗಿತ್ತು. ಕಿವಿ ಮಂದವಾಗಿದ್ದ ಶೇವಂತಾ, "ಯಾರ? ಯಾರ ಮಾತಾಡಾಕತ್ತೀರಿ?" ಎಂದು ಎರಡು ಸಲ ಕೂಗಿ ಫೋನನ್ನು ಮಗನ ಕೈಗೆ ಕೊಟ್ಟುಬಿಡುತ್ತಿದ್ದಳು. ಸಂಕಟವಾಗಿ ನೀಲಮ ಕಿವಿಗೆ ಹಾಕುವ ಮಷೀನಿಗೆಂದೇ ಬೇರೆ ರೊಕ್ಕ ಕಳಿಸಿದಳು. "ಮಿರಜಕ ಕರಕೊಂಡ ಹೋಗಿ ತಂದೀನಿ ಅಕ್ಕಾ. ಅವ್ವ ಹಾಕ್ಕೊಳ್ಳಾಕ ಒಲ್ಲೆ ಅಂತಾಳ. ಕಿವ್ಯಾಗ ಗುಂಯ್ ಅಂತೈತಂತ" ಎಂದ ಸಂಗ್ರಾಮ. ಹಟಮಾರಿ ಮುದುಕಿ ಎಂದುಕೊಂಡು ನೀಲಮ ಸುಮ್ಮನಾದಳು.

ಆ ವರ್ಷ ಫೋನಿನಲ್ಲಿ ಮುಖ ನೋಡಿ ಮಾತಾಡುವುದು ಎಲ್ಲರಿಗೂ ಬಂತು. ಪಕ್ಕದ ಮನೆಯ ಅಡುಗೆಯವಳು ತನ್ನ ಮಕ್ಕಳನ್ನು ನೋಡುತ್ತ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದಳು. ಕೇಳಿಸದಿದ್ದರೇನು, ಅವ್ವನಿಗೆ ಕಾಣಿಸುವುದಂತೂ ಕಾಣಿಸುತ್ತದಲ್ಲ ಎಂದು ನೀಲಮಳಿಗೆ ಹೊಳೆಯಿತು. ಆದರೆ ಅಂಥ ಫೋನೆಂದರೆ ಪೂರಾ ಒಂದು ತಿಂಗಳ ಪಗಾರ. ತಮ್ಮನನ್ನು ಕೇಳಿದಳು.

"ನಿನಗ ಯಾತಕ ಬೇಕು ಟಚ್ ಫೋನು? ಅವ್ವಗ ಕೇಳಂಗಿಲ್ಲ, ಓದಾಕ ಬರಂಗಿಲ್ಲ. ಆ ರೊಕ್ಕ ಇತ್ತ ಕಳಸಿದ್ರ ಮನಿ ಗ್ವಾಡಿಗೆ ಸಿಮೆಂಟ ಗಿಲಾವ ಮಾಡಸ್ತೀನಿ."

ಹೀಗೆ ಹೇಳಿದವನು ಮಾತಾಡುತ್ತಿದ್ದದ್ದೇ ಟಚ್ ಫೋನಿನಲ್ಲಿ. ಅದೂ ಅವಳ ದುಡಿಮೆಯದೇ. ಕುವೈತಿನ ಮನೆಯೊಡತಿಯೂ ಅದೇ ರಾಗ ತೆಗೆದಳು: ನಿನಗೊಂದು ಫೋನು ಇದೆಯಲ್ಲ, ಆಳಿಗೆ ಇನ್ನೇನು ಬೇಕು? ಅವಳ ಮಗ ಆಟವಾಡುತ್ತ ಒಡೆದುಹಾಕಿದ ಫೋನುಗಳು ಅಡುಗೆಮನೆಯ ಕಪಾಟಿನಲ್ಲಿ ಬಿದ್ದಿದ್ದವು. ನೀಲಮಳೇ ಅವುಗಳ ಧೂಳು ಒರೆಸುತ್ತಿದ್ದಳು. ಮುದುಕಿಯ ಹೇಲು ಉಚ್ಚೆ ಬಳಿದು ಗಳಿಸಿದ್ದು ತಾನು. ಅದನ್ನು ಯಾವುದಕ್ಕೆ ಹಾಕಬೇಕೆಂದು ಹೇಳುವವರು ಇವರೇ? ಒಂದು ವಸ್ತು ದುಬಾರಿಯೋ ಅಗ್ಗವೋ ಎನ್ನುವುದು ಅದು ಯಾರ ಕೈಗೆ ಹೋಗುತ್ತದೆ ಎನ್ನುವುದರ ಮೇಲೆಯೇ?

ಶುಕ್ರವಾರ ಬಿಡುವಿನಲ್ಲಿ ಅಂಗಡಿಗೆ ಹೋಗಿ, ಬೆಲೆ ಕೇಳಿ ಒಮ್ಮೆ ಹೊರಗೆ ಬಂದಳು. ಬಿಸಿಲಿನಲ್ಲಿ ನಿಂತು ಯೋಚಿಸಿದಳು. ಮತ್ತೆ ಒಳಗೆ ಹೋಗಿ ಕೊಂಡಳು. ಆ ತಿಂಗಳು ಊರಿಗೆ ರೊಕ್ಕ ಹೋಗಲಿಲ್ಲ.

ಸಂಗ್ರಾಮನಿಗೆ ವಿಡಿಯೋ ಕರೆ ಮಾಡಿದರೆ ಅವ್ವ ಹೊಲಕ್ಕೆ ಹೋಗಿರುತ್ತಿದ್ದಳು, ಇಲ್ಲವೇ ಮಲಗಿರುತ್ತಿದ್ದಳು. ನಾಲ್ಕಾರು ಸಲ ಇದೇ ಆದಾಗ ಸಂಶಯ ಬಂದು, ನೆರೆಮನೆಯ ಅಂಗನವಾಡಿ ಟೀಚರ್ ಅಕ್ಕುತಾಯಿಗೆ ಕರೆ ಮಾಡಿದಳು. "ವೈನಿ, ಒಂದೀಟ ನಮ್ಮ ಅವ್ವನ ಮುಂದ ಹಿಡೀರಿ."

ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಶೇವಂತಾ ಫೋನಿನೊಳಗೆ ಮಗಳನ್ನು ಕಂಡು ಗಾಬರಿಯಾದಳು. ಆಮೇಲೆ ಗಾಜನ್ನು ಸೆರಗಿನಿಂದ ಒರೆಸಿದಳು. "ಎಷ್ಟ ಸೊರಗೀಯಲ್ಲ ಬೇ" ಎಂದು ಓಣಿಗೆಲ್ಲ ಕೇಳುವಂತೆ ಅಂದಳು. ಅತ್ತು, ನಕ್ಕು ಆದ ಮೇಲೆ ನೀಲಮ ತನ್ನ ಕಿವಿ ಮುಟ್ಟಿ, ಮಷೀನು ಯಾಕೆ ಹಾಕಿಕೊಂಡಿಲ್ಲ ಎಂದು ಕೈಸನ್ನೆ ಮಾಡಿದಳು. ಅಕ್ಕುತಾಯಿ ಅದನ್ನೇ ಮುದುಕಿಯ ಕಿವಿಯಲ್ಲಿ ಕೂಗಿದಳು.

"ಯಾವ ಮಷೀನ? ನನಗ್ಯಾರ ಮಷೀನ ತಂದ ಕೊಟ್ಟಾರ? ಮಿರಜ ನೋಡಿ ಎಷ್ಟ ವರ್ಷ ಆತು" ಎಂದಳು ಶೇವಂತಾ.

ಅವಳ ಬೆನ್ನ ಹಿಂದೆ, ಬಾಗಿಲ ಪಕ್ಕದಲ್ಲಿ, ಹೊಸ ಮೋಟರ್ ಸೈಕಲ್ಲು ನಿಂತಿತ್ತು.

ಅಂದು ಸಂಜೆಯೇ ನೀಲಮ ತಮ್ಮನಿಗೆ ಕರೆ ಮಾಡಿ, ಮಷೀನಿನ ರೊಕ್ಕ ಏನಾಯಿತೆಂದು ಕೇಳಿದಳು. "ಮನಿ ನಡಸವ ನಾನು. ಅವ್ವನ್ನ ನೋಡ್ಕೊಳ್ಳಾವ ನಾನು. ಗಾಡಿ ಇಲ್ಲದ ಹೆಂಗ ಅಡ್ಡಾಡ್ಲಿ?" ಎಂದ ಅವನು, ತಪ್ಪೆಲ್ಲ ಅವಳದೇ ಎನ್ನುವ ಹಾಗೆ.

"ಗಾಡಿ ಬೇಕಂದಿದ್ರ ಗಾಡೀನ ಕೇಳಬೇಕಾಗಿತ್ತಲೇ. ಅವ್ವನ ಕಿವಿ ಮಾರಿ ತಗೊಂಡಿ ನೀ" ಎಂದು ನೀಲಮ ಫೋನಿಟ್ಟಳು.

ಮುಂದಿನ ಪಗಾರ ಅಕ್ಕುತಾಯಿಯ ಖಾತೆಗೆ ಹೋಯಿತು. ಅವಳು ರಜೆ ಹಾಕಿ ಶೇವಂತಾಳನ್ನು ಮಿರಜಿಗೆ ಕರೆದೊಯ್ದು ಮಷೀನು ಹಾಕಿಸಿದಳು. ಮೊದಲ ದಿನ ಮುದುಕಿ ತನ್ನದೇ ಬಳೆ ಸದ್ದಿಗೆ ಬೆಚ್ಚಿಬಿದ್ದಳಂತೆ. ಎರಡನೆಯ ವಾರಕ್ಕೆ ಮಗಳೊಂದಿಗೆ ಮೆಲುದನಿಯಲ್ಲಿ ಜಗಳವನ್ನೂ ಆಡತೊಡಗಿದಳು.

ಮರುವರ್ಷ ನೀಲಮ ರಜೆಗೆ ಬಂದಾಗ ಓಣಿಯ ಹಿರಿಯ ಉತ್ತಮ ಕಾಕಾ ಮನೆಗೆ ಬಂದು ಚಹಾ ಕುಡಿಯುತ್ತ ಬುದ್ಧಿ ಹೇಳಿದರು. "ಆ ಫೋನ ತಗೊಂಡ ಮ್ಯಾಲೆ ಅಕ್ಕ ತಮ್ಮನ ನಡುವ ಕೆಟ್ಟತಲ್ಲ. ಹೆಣ್ಣಮಕ್ಕಳು ತಗ್ಗಿ ನಡೀಬೇಕವ್ವಾ."

"ಕೆಟ್ಟದ್ದು ಮೊದಲರಿ ಕಾಕಾ. ನನಗ ಕಂಡಿದ್ದು ಆಮ್ಯಾಲೆ" ಎಂದಳು ನೀಲಮ. "ಮಷೀನಿನ ರೊಕ್ಕ ತಿಂದಾಗ ನೀವು ಇದ ಊರಾಗ ಇದ್ರಿ. ಅವಗ ಒಂದ ಮಾತ ಕೇಳಿದ್ರೇನು?"

ಕಾಕಾ ಬಸಿಯಲ್ಲಿ ಉಳಿದ ಚಹಾ ಕುಡಿದು ಎದ್ದರು. ಸಂಗ್ರಾಮ ಗಾಡಿ ಮಾರಲಿಲ್ಲ, ನೀಲಮ ಅವನ ಖಾತೆಗೆ ಮತ್ತೆ ರೊಕ್ಕ ಹಾಕಲೂ ಇಲ್ಲ.