ಚೌಡಿಕಲ್ಲಿನ ಹಿಂದಿನ ಕಾಯಿಚಿಪ್ಪುಗಳು

ಯಾವ ಯಂತ್ರ ಯಾರ ಕೈಗೆ ಕುತ್ತು ತಂದೀತು ಎಂದು ಮೊದಲೇ ಅಂದಾಜು ಮಾಡಿ ಹೇಳುವುದು ನನ್ನ ಕೆಲಸ. ದೊಡ್ಡ ಕಾರ್ಖಾನೆಗಳಲ್ಲಿ ಇದು ಅಷ್ಟು ಕಷ್ಟವಲ್ಲ. ಹಿಂದೆ ಆದ ಅವಘಡಗಳ ಲೆಕ್ಕ ಅಲ್ಲಿರುತ್ತದೆ, ಅದನ್ನು ನೋಡಿ ಮುಂದಿನದನ್ನು ಊಹಿಸಬಹುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುತ್ತಿನ ಸಣ್ಣ ಶೆಡ್ಡುಗಳಲ್ಲಿ ಅಂಥದ್ದೇನೂ ಸಿಗುವುದಿಲ್ಲ. ಯಾರನ್ನು ಕೇಳಿದರೂ ಒಂದೇ ಉತ್ತರ: “ಎಂತದೂ ಆಗಿಲ್ಲ ಮಾರಾಯ್ತಿ.” ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಲ್ಲಿಯವರೆಗೆ ಆಗಿಲ್ಲ ಎಂದ ಮಾತ್ರಕ್ಕೆ ನಾಳೆಯೂ ಆಗುವುದಿಲ್ಲ ಎಂದು ಯಾರು ಬರೆದುಕೊಟ್ಟಿದ್ದಾರೆ?

ಶೆಟ್ಟಿಕೊಪ್ಪದ ಹತ್ತಿರ ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಶೆಡ್ಡಿಗೆ ಹೋದ ದಿನ ಮಾತ್ರ ಉರಿಗಿಂತ ಭಯವೇ ಹೆಚ್ಚಿತ್ತು. ಅಲ್ಲಿ ದೊಡ್ಡ ಪ್ರೆಸ್ಸಿನ ಮುಂದೆ ಕೂರುವವಳು ನನ್ನ ಚಿಕ್ಕಮ್ಮ. ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿದ್ದು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದು, ತೋಟದ ಕೂಲಿಗೆ ಹೋಗಿ ನನ್ನನ್ನು ಓದಿಸಿದ್ದು ಅವಳ ಆ ಎರಡು ಕೈಗಳು. ತಟ್ಟೆ ಕೊಳ್ಳುವವರು ಸುರಕ್ಷತೆಯ ವರದಿ ಕೇಳಿದರೆಂದು ಮಾಲೀಕರು ನನ್ನನ್ನು ಕರೆಸಿದ್ದರು. ಅವರಿಗೆ ಬೇಕಿದ್ದದ್ದು ಎಲ್ಲ ಸರಿಯಿದೆ ಎಂಬ ಒಂದು ಮಾತು. ನನಗೆ ಬೇಕಿದ್ದದ್ದು ಚಿಕ್ಕಮ್ಮನ ಹತ್ತೂ ಬೆರಳು.

ಆ ಶೆಡ್ಡಿನೊಳಗೆ ಹೊತ್ತು ಬೇರೆಯದೇ ರೀತಿ ಸಾಗುತ್ತಿತ್ತು. ತೊಟ್ಟಿಯಲ್ಲಿ ನೆನೆದ ಅಡಿಕೆ ಹಾಳೆಗಳು ಬಿಸಿ ಅಚ್ಚಿನ ನಡುವೆ ಸಿಕ್ಕಾಗ ಹಬೆ ಏಳುತ್ತಿತ್ತು. ಮಾಡಿನ ಪಾರದರ್ಶಕ ಶೀಟಿನಿಂದ ಇಳಿದ ಬಿಸಿಲು ಆ ಹಬೆಯೊಳಗೆ ನಿಂತೇಬಿಡುತ್ತಿತ್ತು. ಅನ್ನ ಬಸಿದಂಥ ವಾಸನೆ. ಹೆಂಗಸರ ಮುಖಗಳು ಒಮ್ಮೆ ಕಾಣುತ್ತಿದ್ದವು, ಒಮ್ಮೆ ಇಲ್ಲ. ಚಿಕ್ಕಮ್ಮ ಹಾಳೆ ಇಡುವಳು, ಕಾಲಿನಿಂದ ಪೆಡಲ್ ಒತ್ತುವಳು, ಮೇಲಿನ ಅಚ್ಚು ಇಳಿಯುವುದು, ತಟ್ಟೆ ಹೊರಬರುವುದು. ನೋಡುತ್ತಾ ನಿಂತರೆ ನಾನು ಯಾಕೆ ಬಂದೆ ಎನ್ನುವುದೇ ಮರೆಯುತ್ತಿತ್ತು. ಅಷ್ಟು ಹಿತವಾದ ಜಾಗದಲ್ಲಿ ಕೆಟ್ಟದ್ದೇನಾದರೂ ಆದೀತು ಎಂದು ಯೋಚಿಸುವುದೇ ತಪ್ಪೆನಿಸುತ್ತಿತ್ತು. ಅಲ್ಲಿ ಕೂತವರಿಗೂ ಹಾಗೇ ಅನಿಸುತ್ತಿರಬಹುದು, ಅಪಾಯ ಇರುವುದೂ ಅಲ್ಲೇ.

ಒಬ್ಬೊಬ್ಬರನ್ನೇ ಕೇಳಿದೆ. ಕೈ ಸಿಕ್ಕಿಕೊಂಡದ್ದಿದೆಯಾ? ಸಿಕ್ಕಿಕೊಳ್ಳುವ ಹಾಗಾದದ್ದಿದೆಯಾ? ಎಲ್ಲರೂ ನಕ್ಕರು. ಚಿಕ್ಕಮ್ಮನಂತೂ ನನ್ನ ಕಡೆ ತಿರುಗಲೂ ಇಲ್ಲ. “ಎಂತದೂ ಆಗಿಲ್ಲ. ಹೋಗಿ ಕಾಫಿ ಕುಡಿ” ಎಂದಳು.

ಕಾಫಿ ಕುಡಿದು ಲೋಟ ತೊಳೆಯಲೆಂದು ಶೆಡ್ಡಿನ ಹಿಂದೆ ಹೋದೆ. ಅಲ್ಲಿ ಹಲಸಿನ ಮರದ ಬುಡದಲ್ಲಿ ಕುಂಕುಮ ಹಚ್ಚಿದ ಒಂದು ಕಲ್ಲು, ಜಾಗ ಕಾಯುವ ದೇವತೆ ಚೌಡಿ. ಕಲ್ಲಿನ ಹಿಂದೆ ತೆಂಗಿನಕಾಯಿಯ ಚಿಪ್ಪುಗಳ ರಾಶಿ. ತಳದವು ಪಾಚಿಗಟ್ಟಿ ಕಪ್ಪಾಗಿದ್ದವು, ಮೇಲಿನವು ಇನ್ನೂ ಹಸಿ. ಹಬ್ಬವಿಲ್ಲ, ಪೂಜೆಯಿಲ್ಲ, ಇಷ್ಟು ಕಾಯಿ ಯಾಕೆ ಎಂದು ಬಿಸಿಲಲ್ಲಿ ಸುಮ್ಮನೆ ನಿಂತೆ. ಆಮೇಲೆ ಚಿಕ್ಕಂದಿನದು ಮೆಲ್ಲಗೆ ನೆನಪಾಗತೊಡಗಿತು. ಗಂಡಾಂತರ ತಪ್ಪಿದರೆ ನಮ್ಮವರು ಚೌಡಿಗೆ ಕಾಯಿ ಒಡೆಯುತ್ತಾರೆ. ಆ ಕಾಯಿಯನ್ನು ಮನೆಗೆ ಒಯ್ಯುವುದಿಲ್ಲ. ತಪ್ಪಿದ್ದು ಏನು ಎಂದು ಬಾಯಿಬಿಡುವುದಿಲ್ಲ, ಬೇರೆಯವರು ಕೇಳುವುದೂ ಇಲ್ಲ. ಹೇಳಿದರೆ ಅದು ತಿರುಗಿ ಬರುತ್ತದಂತೆ.

ಎಂತದೂ ಆಗದ ಶೆಡ್ಡಿನ ಹಿಂದೆ ಇಷ್ಟೊಂದು ಚಿಪ್ಪು!

ಚಿಕ್ಕಮ್ಮನನ್ನು ಹೊರಗೆ ಕರೆದು ಕೇಳಿದೆ. “ಈ ಕಾಯಿ ಯಾರು ಒಡ್ದದ್ದು ಚಿಕ್ಕಮ್ಮ?”

“ಅದನ್ನ ಕೇಳಬಾರ್ದು ಅಂತ ನಿಂಗೆ ಗೊತ್ತಿಲ್ವಾ? ಓದಿ ಓದಿ ಅದನ್ನೂ ಮರ್ತ್ಯಾ?” ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಜಗಳವಾಡಿ ಪ್ರಯೋಜನವಿಲ್ಲ. ಅವಳ ಹಟ ನನಗೂ ಬಂದಿದೆ. ಊಟಕ್ಕೆ ಬಿಟ್ಟಾಗ ಎಲ್ಲರಿಗೂ ಹೇಳಿದೆ: “ಯಾರೂ ಬಾಯಿ ಬಿಡೋದು ಬೇಡ. ನಾನು ರಸ್ತೆವರೆಗೆ ಹೋಗಿ ಬರ್ತೇನೆ. ಬೇಲಿಯಲ್ಲಿ ದಾಸವಾಳ ಇದೆ. ಚೌಡಿಗೆ ಕಾಯಿ ಕೊಟ್ಟವರು, ಯಾವ ಮಿಶನ್ನಿಂದಾಗಿ ಕೊಟ್ರೋ ಅದ್ರ ಮೇಲೆ ಹೂ ಇಡಿ. ಯಾರು ಇಟ್ಟದ್ದು ಅಂತ ಕೇಳಲ್ಲ.”

“ಇದೆಂಥ ಇನ್ಸ್‌ಪೆಕ್ಷನ್ ಮಾರಾಯ್ತಿ!” ಎಂದು ಮಾಲೀಕರು ನಕ್ಕರು. ನಗಲಿ ಎಂದು ಅವರನ್ನೂ ಹೊರಡಿಸಿಕೊಂಡು ಹೊರಟೆ.

ಮಧ್ಯಾಹ್ನದ ಆ ರಸ್ತೆಯಲ್ಲಿ ಬಸ್ಸೂ ಇರಲಿಲ್ಲ, ಜನರೂ ಇರಲಿಲ್ಲ. ಬಿಸಿಲಿಗೆ ಟಾರು ನೀರಿನ ಹಾಗೆ ಅಲುಗುತ್ತಿತ್ತು. ಚಿಕ್ಕಮ್ಮನ ಪ್ರೆಸ್ ಖಾಲಿ ಇರಲಿ ಎಂದು ನನಗೆ ತಿಳಿದ ದೇವರಿಗೆಲ್ಲ ಕೈಮುಗಿದೆ. ಲೆಕ್ಕಾಚಾರ ಮಾಡಿ ಹೊಟ್ಟೆ ಹೊರೆಯುವವಳು ಹೀಗೆ ಬೇಡಿಕೊಳ್ಳುವುದು ನಗೆಪಾಟಲು. ಆದರೂ ಬೇಡಿಕೊಂಡೆ.

ಮರಳಿ ಬಂದಾಗ ಹಬೆ ಇಳಿದು ಶೆಡ್ಡು ನಿಚ್ಚಳವಾಗಿತ್ತು. ಸಣ್ಣ ಪ್ರೆಸ್ಸುಗಳು ಬೋಳಾಗಿದ್ದವು, ಒಂದರ ಮೇಲೆ ಮಾತ್ರ ಒಂಟಿ ಹೂ. ದೊಡ್ಡ ಪ್ರೆಸ್ಸಿನ ತಲೆ ಪೂರ್ತಿ ಕೆಂಪಾಗಿತ್ತು. ಹೆಂಗಸರೆಲ್ಲ ಬುತ್ತಿ ಡಬ್ಬಿ ತೊಳೆಯುವುದರಲ್ಲೇ ಮಗ್ನರಾದಂತಿದ್ದರು. ಚಿಕ್ಕಮ್ಮ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಬೆರಳ ತುದಿಗಳಿಗೆಲ್ಲ ದಾಸವಾಳದ ಹಳದಿ ಪುಡಿ ಅಂಟಿತ್ತು.

ಆ ಪ್ರೆಸ್ಸಿನ ಮುಂದೆ ಕೂತು ಮತ್ತೆ ನೋಡಿದೆ. ದೊಡ್ಡ ತಟ್ಟೆಗೆ ಅಗಲದ ಹಾಳೆ ಬೇಕು. ಅಗಲದ ಹಾಳೆಯ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಅಚ್ಚು ತಾಗುವವರೆಗೂ ಅದನ್ನು ಕೈಯಲ್ಲಿ ಹಿಡಿದಿರಬೇಕು, ಅಷ್ಟರಲ್ಲಿ ಕಾಲು ತನ್ನ ಪಾಡಿಗೆ ಪೆಡಲ್ ಒತ್ತಿರುತ್ತದೆ. ಕೈಗೆ ತಿಳಿಯುವ ಮೊದಲೇ ಕಾಲು ಒತ್ತಿದ ದಿನಗಳೇ ಹಿತ್ತಲಿನಲ್ಲಿ ಚಿಪ್ಪುಗಳಾಗಿ ಬಿದ್ದಿದ್ದವು.

ಮಾಲೀಕರು ಈಗ ನಗಲಿಲ್ಲ. ಪೆಡಲ್ ತೆಗೆಸಿದರು. ಎರಡೂ ಕೈಯಿಂದ ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುವ ಹಾಗೆ, ಅಂಚನ್ನು ಒಂದು ಕ್ಲಿಪ್ ಹಿಡಿಯುವ ಹಾಗೆ ಮಾಡಿಸಿದರು. ಅಲ್ಲಿಯವರೆಗೆ ಚಿಕ್ಕಮ್ಮ ಹಾಳೆ ತೊಳೆಯುವ ಕೆಲಸಕ್ಕೆ ಹೋದಳು. ನನ್ನೊಡನೆ ಸರಿಯಾಗಿ ಮಾತೂ ಆಡಲಿಲ್ಲ.

ಕೆಲವು ತಿಂಗಳ ನಂತರ ಅವಳನ್ನು ನೋಡಲು ಶೆಡ್ಡಿಗೆ ಹೋದೆ. ಅಭ್ಯಾಸಬಲದಿಂದ ಮೊದಲು ಹಿತ್ತಲಿಗೆ ಹೋಗಿ ಇಣುಕಿದೆ. ಚೌಡಿಕಲ್ಲಿನ ಬಳಿ ಒಂದು ಹೊಸ ಕಾಯಿ, ಚಿಪ್ಪಿನಲ್ಲಿ ನೀರಿನ ಪಸೆ ಕೂಡ ಆರಿರಲಿಲ್ಲ. ಒಳಗೆ ಓಡಿ ಚಿಕ್ಕಮ್ಮನ ಎರಡೂ ಕೈ ಹಿಡಿದು, ಮಗುಚಿ ಮಗುಚಿ ನೋಡಿದೆ.

“ನನ್ನ ಕೈ ಎಂತ ನೋಡ್ತೀಯ?” ಎಂದು ಬಿಡಿಸಿಕೊಂಡಳು. ಸೀದಾ ಅಂಗಳಕ್ಕೆ ಹೋಗಿ ಬೇಲಿಯಿಂದ ಒಂದು ದಾಸವಾಳ ಕಿತ್ತು, ನನ್ನ ಸ್ಕೂಟರಿನ ಹ್ಯಾಂಡಲ್ಲಿಗೆ, ಕನ್ನಡಿ ಮುರಿದ ಕಡೆ ಸಿಕ್ಕಿಸಿ ಬಂದಳು.

ಹದಿನೈದು ದಿನಗಳ ಹಿಂದೆ ಕೆರೆಕಟ್ಟೆಯಿಂದ ಬರುವಾಗ ಮಂಜಿನಲ್ಲಿ ತಿರುವು ಕಾಣದೆ ಸ್ಕೂಟರ್ ಜಾರಿ, ಕಣಿವೆಯ ಅಂಚಿನ ಕಲ್ಲಿಗೆ ಒರಗಿ ನಿಂತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹಿಂದಿನ ವಾರ ಮನೆಗೆ ಬಂದಿದ್ದ ಚಿಕ್ಕಮ್ಮ ಮುರಿದ ಕನ್ನಡಿ ನೋಡಿ ಏನಾಯಿತೆಂದು ಕೇಳಿದ್ದಳು. ಎಂತದೂ ಆಗಿಲ್ಲ ಎಂದಿದ್ದೆ.