ಅತ್ತೆಯ ಒಪ್ಪತ್ತು, ಇಲಿಗಳ ಹಸಿವು

ಬಿಳಿ ಇಲಿಗಳ ಪಂಜರವನ್ನು ಮನೆಗೆ ತಂದ ದಿನ ಅತ್ತೆ ಮೂಗಿಗೆ ಸೆರಗು ಮುಚ್ಚಿಕೊಂಡು, "ಮನ್ಯಾಗಿರೋ ಇಲಿ ಸಾಲಲಿಲ್ಲೇನವ್ವಾ, ಕಾಲೇಜಿಂದ ಬ್ಯಾರೆ ಹೊತ್ಕಂಡು ಬಂದಿ?" ಎಂದರು. ಅದು ತೊಂಬತ್ತರ ದಶಕದ ಕೊನೆ. ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರ ಹೇಳುತ್ತಿದ್ದೆ. ದಸರೆ ರಜೆಯಲ್ಲಿ ಪ್ರಯೋಗಾಲಯದ ಇಲಿಗಳಿಗೆ ಕಾಳು ಹಾಕುವವರಿರಲಿಲ್ಲ. ತಾತ್ಕಾಲಿಕ ನೌಕರಿಯವಳು ಬೇರೆ, ಒಲ್ಲೆ ಅನ್ನಲು ನನಗೆ ಬಾಯಿ ಬರಲಿಲ್ಲ.

ಪಂಜರ ಪಡಸಾಲೆಯ ಮೂಲೆ ಸೇರಿತು. ದಿನವಿಡೀ ಕಾಳು ಬಿಟ್ಟರೆ ಇರುವೆ ಮುತ್ತುತ್ತಿದ್ದವು. ಹಾಗಾಗಿ ಮಧ್ಯಾಹ್ನ ನನ್ನ ಊಟವಾದ ಮೇಲೆ ಒಂದು ಹಿಡಿ ಜೋಳ, ರೊಟ್ಟಿ ಚೂರು ಹಾಕಿ, ಮಿಕ್ಕಿದ್ದನ್ನು ಬೇಗ ತೆಗೆದುಬಿಡುತ್ತಿದ್ದೆ. ಇಲಿ ರಾತ್ರಿಯ ಪ್ರಾಣಿ, ಹಗಲು ಮುದುಡಿ ಮಲಗಬೇಕು. ಕೆಲವೇ ದಿನಗಳಲ್ಲಿ ಇವು ಸುಡು ಬಿಸಿಲಿನ ಹೊತ್ತಿಗೇ ಎದ್ದು, ನಾನು ಊಟಕ್ಕೆ ಕೂರುವ ಮೊದಲೇ ತಂತಿ ಹತ್ತಿ ಇಳಿದು ಪಂಜರವನ್ನೇ ಅಲುಗಾಡಿಸತೊಡಗಿದವು. ಮಿದುಳಿನಲ್ಲಿ ಹಗಲು ರಾತ್ರಿಯ ಲೆಕ್ಕ ಇಡುವ ಗಡಿಯಾರವೊಂದಿದೆ, ದಿನಾ ಒಂದೇ ಹೊತ್ತಿಗೆ ಅನ್ನ ಕೊಟ್ಟರೆ ಹಸಿವು ಆ ಗಡಿಯಾರದ ಮಾತನ್ನೂ ಮೀರಿ ಎಬ್ಬಿಸುತ್ತದೆ ಎಂದು ತರಗತಿಯಲ್ಲಿ ಹೇಳಿದ್ದೆ. ಕಣ್ಣಾರೆ ಕಂಡದ್ದು ಆಗಲೇ.

"ಇವಕ್ಕ ಟೈಮಾತು ಅಂತ ಯಾರು ಹೇಳ್ತಾರ?" ಎಂದು ಅತ್ತೆ ಕೇಳಿದರು.

"ಹೊಟ್ಟಿ ಹೇಳತೈತ್ರಿ," ಎಂದೆ. ಅಂದ ಮೇಲೆ ನನ್ನ ಮಾತು ನನಗೇ ನಾಟಿತು.

ಯಾಕೆಂದರೆ ಅತ್ತೆ ಒಪ್ಪತ್ತು ಮಾಡುತ್ತಿದ್ದರು. ದಿನಕ್ಕೆ ಒಂದೇ ಊಟ, ಅದೂ ದೀಪ ಹಚ್ಚಿ ಲಿಂಗಪೂಜೆ ಮುಗಿದ ಮೇಲೆ. ನನ್ನ ನೌಕರಿ ಕಾಯಂ ಆಗುವ ತನಕ ಹೀಗೆಯೇ ಎಂದು ಕೊಟ್ಟೂರಿನ ದೇವರಿಗೆ ಹರಕೆ ಹೊತ್ತಿದ್ದರು. ಹರಕೆ ಹೊರಿರಿ ಎಂದು ನಾನೇನೂ ಕೇಳಿಕೊಂಡಿರಲಿಲ್ಲ. ಸಾಲದ್ದಕ್ಕೆ ಹೊತ್ತು ಇಳಿಯುತ್ತಿದ್ದಂತೆ ಗುಡಿಸಿದ ಅಂಗಳವನ್ನೇ ಗುಡಿಸುವರು, ಬೆಳಗಿದ ತಂಬಿಗೆಯನ್ನೇ ಬೆಳಗುವರು, ಪಾತ್ರೆಗಳನ್ನು ಧಡಧಡ ಎತ್ತಿ ಹಾಕುವರು. ಸೊಸೆ ಕಡ್ಡಿ ಎತ್ತಿಡುವುದಿಲ್ಲ ಎಂದು ಓಣಿಗೆಲ್ಲ ಸಾರುತ್ತಿದ್ದಾರೆ ಅಂದುಕೊಂಡು ನಾನೂ ಒಂದಕ್ಕೆರಡು ಆಡುತ್ತಿದ್ದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ಲ, ಮೊದಲನೆಯದು ಅವರಿಗೆ ಗೊತ್ತಿರಲಿಲ್ಲ, ಎರಡನೆಯದು ನನಗೆ. ಯಜಮಾನರು ಹರಪನಹಳ್ಳಿಯಲ್ಲಿ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದುದರಿಂದ ನಡುವೆ ಬಿಡಿಸುವವರೂ ಇರಲಿಲ್ಲ.

ಅದು ಸಿಟ್ಟಲ್ಲ, ಬರೀ ಹಸಿವು ಎಂದು ಪಂಜರದ ಮುಂದೆ ತಿಳಿಯಿತು. ಪಾಪ ಅನ್ನಿಸಿತು. ಹೆದರಿಕೆಯೂ ಆಯಿತು. ಅವರಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿ ಹಸಿದಿರಬೇಡಿ ಎಂದು ಡಾಕ್ಟರು ಬೈದು ಕಳಿಸಿದ್ದರು. ಈಚೆಗೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದರು, ಒಲೆಯ ಮೇಲೆ ಹಾಲಿಟ್ಟದ್ದು ಮರೆಯುತ್ತಿದ್ದರು. ಆ ವಾರವೇ ಒಂದು ಸಂಜೆ ಹಿತ್ತಲ ಬಾಗಿಲಲ್ಲಿ ಬೆವತು ಕುಸಿದರು. ಹಸಿವಿಗೆ ಮೈಯ ಸಕ್ಕರೆ ತೀರ ಇಳಿದಿರಬೇಕೆಂದು ಬಾಯಿಗೆ ಸಕ್ಕರೆ ನೀರು ಹಾಕಿದೆ. ಕಣ್ಣು ಬಿಟ್ಟವರು ಮೊದಲು ಕೇಳಿದ್ದು, "ದೀಪ ಹಚ್ಚಿದ್ದೇನು?" ಎಂದು. ದೀಪಕ್ಕಿಂತ ಮೊದಲೇ ಬಾಯಿಗೆ ಏನೋ ಬಿತ್ತಲ್ಲ ಎಂಬ ದಿಗಿಲು ಅವರಿಗೆ.

ಮರುದಿನದಿಂದ ಪಂಜರವನ್ನು ನೀರು ತುಂಬಿದ ಪರಾತದ ನಡುವೆ ಕಲ್ಲಿನ ಮೇಲೆ ಇಟ್ಟು, ಇರುವೆಯ ಕಾಟ ತಪ್ಪಿಸಿ, ಕಾಳನ್ನು ದಿನವಿಡೀ ಬಿಟ್ಟೆ. ಮೆಲ್ಲಗೆ ಇಲಿಗಳು ಹಗಲು ನಿದ್ದೆಗೆ ಮರಳಿದವು. ಅತ್ತೆಯನ್ನು ಕರೆದು ತೋರಿಸಿದೆ.

"ನೋಡ್ರಿ ಅತ್ತೀ, ಹೊಟ್ಟಿ ತುಂಬಿದ್ದಕ್ಕ ಹೆಂಗ ಮಕ್ಕಂಡಾವ. ನೀವೂ ಹಗಲು ಒಂದೀಟು ಉಣ್ರಿ."

ಅವರು ಪಂಜರದ ಹತ್ತಿರ ಬಗ್ಗಿ ನೋಡಿದರು. "ಅದಕ್ಕ ನಾ ಉಣ್ಣಂಗಿಲ್ಲವ್ವಾ. ಹೊಟ್ಟಿ ತುಂಬಿದ್ರ ನಾನೂ ಹಿಂಗ ಮಕ್ಕಂಡುಬಿಡ್ತೀನಿ. ಹಸದಿದ್ರ ಎಚ್ಚರಿರತೀನಿ. ನಿನ್ನ ಸಲುವಾಗಿ ದೇವರನ್ನ ಬೇಡ್ಕಳಾಕ ಒಬ್ಬರಾದ್ರೂ ಎಚ್ಚರಿರಬೇಕಲ್ಲ."

ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. "ಹಂಗಾರ ನಾಳೆಯಿಂದ ನನಗೂ ಒಪ್ಪತ್ತು," ಎಂದೆ.

ಮರುದಿನ ಬೆಳಿಗ್ಗೆ ರೊಟ್ಟಿ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿತ್ತು, ತಲೆ ಧಿಮ್ಮೆನ್ನುತ್ತಿತ್ತು. ಅತ್ತೆ ನಾಲ್ಕು ಸಲ ಅಡುಗೆಮನೆಗೂ ಪಡಸಾಲೆಗೂ ತಿರುಗಿದರು. ಕೊನೆಗೆ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ತಂದು ಮುಂದಿಟ್ಟರು.

"ಉಣ್ಣು."

"ನೀವು ಉಂಡ್ರ ಉಣ್ತೀನ್ರಿ."

"ನಿನ್ನ ಹಟಕ್ಕ ಬೆಂಕಿ ಹಾಕ," ಎನ್ನುತ್ತ ನನ್ನೆದುರು ಕೂತರು. ಹೊರಗೆ ಬಿಸಿಲು ಇನ್ನೂ ಹಾಗೇ ಇತ್ತು. ಒಂದು ತುತ್ತು ಮುರಿದು ನನ್ನ ಬಾಯಿಗಿಟ್ಟರು, ಇನ್ನೊಂದು ಮುರಿದು ಕೈಯಲ್ಲೇ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ತಿಂದರು.

ಆ ನೌಕರಿ ಕಾಯಂ ಆಗಲೇ ಇಲ್ಲ. ಮುಂದಿನ ವರ್ಷದಿಂದ ಬರುವುದು ಬೇಡ ಎಂದು ಕಾಲೇಜಿನವರು ಹೇಳಿದ ದಿನ ಮನೆಯ ಕಡೆ ಕಾಲೇ ಏಳಲಿಲ್ಲ. ಹರಕೆ ಮುರಿಸಿದವಳು ನಾನೇ, ಅತ್ತೆಗೆ ಯಾವ ಮುಖ ತೋರಿಸಲಿ ಎಂದು ಬಸ್ ನಿಲ್ದಾಣದಲ್ಲಿ ಸುಮ್ಮನೆ ಕೂತಿದ್ದೆ. ತಡವಾಗಿ ಹೋಗಿ ಹೊಸ್ತಿಲಲ್ಲೇ ನಿಂತು ಸುದ್ದಿ ಹೇಳಿದೆ. ಅತ್ತೆ ನನ್ನ ಮುಖ ನೋಡಿದರು.

"ಉಂಡೀಯೇನವ್ವಾ?" ಎಂದರು.